ಹಿತ್ತಾಳೆಯ ನಾದಗುಣ: ಹೋಲ್ಸ್ಟ್ ಕೃತಿಯೊಂದರ ಪರಾಮರ್ಶೆ

ಕನ್ನಡದಲ್ಲಿ ‘ಕಹಳೆ ಊದುವುದು’ ಎಂದರೆ ಸಾರಿ ಹೇಳುವುದು. ಹಿತ್ತಾಳೆಯ ವಾದ್ಯವೆಂದರೆ ಗಟ್ಟಿದನಿ ಎಂಬ ಗ್ರಹಿಕೆ ಈ ನುಡಿಗಟ್ಟಿನಲ್ಲಿ ಅಡಗಿದೆ. ಇಂಗ್ಲೆಂಡಿನ ಸಂಯೋಜಕ ಗುಸ್ತಾವ್ ಹೋಲ್ಸ್ಟ್ (1874–1934) ಮಿಲಿಟರಿ ಬ್ಯಾಂಡಿಗಾಗಿ 1909ರಲ್ಲಿ ರಚಿಸಿದ, ಇ-ಫ್ಲ್ಯಾಟ್ ಶ್ರುತಿಯ ಮೊದಲ ವಾದ್ಯಮಾಲಿಕೆ ಈ ಗ್ರಹಿಕೆಯನ್ನು ಆರಂಭದಲ್ಲಿಯೇ ಪ್ರಶ್ನಿಸುತ್ತದೆ. ಅದರ ಮೊದಲ ಭಾಗವಾದ ಶಕೋನ್‌ನಲ್ಲಿ ಎಂಟು ಆವರ್ತಗಳ ಮೂಲಸ್ವರಮಾಲೆ ಟ್ಯೂಬಾ, ಯುಫೋನಿಯಂಗಳಿಂದ ಮೆಲುದನಿಯಲ್ಲಿ ಮೂಡುತ್ತದೆ. ಅಲ್ಲಿ ಸಾರುವಿಕೆಯಿಲ್ಲ, ಸ್ವಗತವಿದೆ.

ಶಕೋನ್‌ನ ಬಂಧವೆಂದರೆ ಒಂದೇ ಸ್ವರಮಾಲೆಯ ಪುನರಾವರ್ತನೆ. ಉಳಿದೆರಡು ಭಾಗಗಳಾದ ಇಂಟರ್‌ಮೆಜ್ಜೊ ಮತ್ತು ಮಾರ್ಚ್ ಕೂಡ ಅದೇ ಬೀಜದಿಂದ ಹುಟ್ಟಿದವು. ಸ್ವರಸಾಮಗ್ರಿ ಇಷ್ಟು ಮಿತವಾಗಿರುವಾಗ ವೈವಿಧ್ಯದ ಹೊಣೆಯ ಬಹುಪಾಲು ನಾದಗುಣದ ಮೇಲೆ ಬೀಳುತ್ತದೆ. ಆದ್ದರಿಂದ ಇಲ್ಲಿ ನಾದಗುಣ ಅಲಂಕಾರವಲ್ಲ, ಅರ್ಥವೇ ಆಗಿದೆ. ಯೌವನದಲ್ಲಿ ಕಾರ್ಲ್ ರೋಸಾ ಆಪೆರಾ ತಂಡದಲ್ಲಿ ಟ್ರಾಂಬೋನ್ ನುಡಿಸಿದ್ದ ಹೋಲ್ಸ್ಟ್‌ಗೆ ಈ ವಾದ್ಯಗಳ ಸ್ವಭಾವ ಒಳಗಿನಿಂದ ತಿಳಿದಿತ್ತು.

ಈ ಸ್ವಭಾವಭೇದಕ್ಕೆ ಲೋಹಕ್ಕಿಂತ ಕೊಳವೆಯ ಆಕಾರವೇ ಮುಖ್ಯ ಕಾರಣ. ಟ್ರಂಪೆಟ್, ಟ್ರಾಂಬೋನ್‌ಗಳ ಕೊಳವೆ ಬಹುದೂರ ಸಮವ್ಯಾಸದ್ದು. ಬಲವಾಗಿ ಊದಿದಷ್ಟೂ ಅದರೊಳಗೆ ಸಾಗುವ ಒತ್ತಡದ ಅಲೆಯ ಮುಂಭಾಗ ಕಡಿದಾಗುತ್ತದೆ. ಮೇಲಿನ ಉಪಸ್ವರಗಳು ಪ್ರಬಲವಾಗಿ ದನಿಗೆ ಝಳಪು ಬರುತ್ತದೆ. ಕಾರ್ನೆಟ್, ಯುಫೋನಿಯಂ, ಟ್ಯೂಬಾಗಳಲ್ಲಿ ಕೊಳವೆ ಕ್ರಮೇಣ ಅಗಲವಾಗುವುದರಿಂದ ಈ ಪರಿಣಾಮ ತಗ್ಗಿ, ದನಿ ದುಂಡಗೆ ಉಳಿಯುತ್ತದೆ. ಹೋಲ್ಸ್ಟ್ ಕಾರ್ನೆಟ್‌ಗೂ ಟ್ರಂಪೆಟ್‌ಗೂ ಪ್ರತ್ಯೇಕ ಪಾತ್ರಗಳನ್ನು ಬರೆದುದರ ಔಚಿತ್ಯ ಇಲ್ಲಿದೆ.

ಇಂದು ಅನೇಕ ಬ್ಯಾಂಡ್‌ಗಳಲ್ಲಿ ಕಾರ್ನೆಟ್‌ನ ಪಾತ್ರವನ್ನೂ ಟ್ರಂಪೆಟ್ಟೇ ನುಡಿಸುತ್ತದೆ. ಸ್ವರ ತಪ್ಪುವುದಿಲ್ಲ, ಭೇದ ಅಳಿಯುತ್ತದೆ. ಫ್ರೆಡರಿಕ್ ಫೆನೆಲ್ ನಿರ್ದೇಶನದಲ್ಲಿ ಕ್ಲೀವ್‌ಲೆಂಡ್‌ನ ವಾದಕರು 1978ರಲ್ಲಿ ನುಡಿಸಿದ ಡಿಜಿಟಲ್ ಧ್ವನಿಮುದ್ರಣ ಈ ಕೃತಿಯನ್ನು ಮನೆಮನೆಗೆ ಒಯ್ದಿತು. ಆದರೆ ಅದರ ಕೀರ್ತಿಯ ದೊಡ್ಡ ಪಾಲು ದೊಡ್ಡ ಡ್ರಮ್ಮಿನ ಹೊಡೆತಕ್ಕೆ ಸಂದಿತು. ಅಬ್ಬರಕ್ಕೆ ಒಲಿಯುವ ಕಿವಿ ಆರಂಭದ ಮೆಲುದನಿಯನ್ನು ಕೇವಲ ಪೀಠಿಕೆಯೆಂದು ದಾಟಿಬಿಡುತ್ತದೆ. ವಸ್ತುತಃ ಶಕೋನ್‌ನ ಕೊನೆಯ ಪೂರ್ಣವೃಂದದ ಘೋಷಕ್ಕೆ ಘನತೆ ಬರುವುದು ಆ ಮೆಲುದನಿಯ ನೆನಪಿನಿಂದ. ಮೊದಲೇ ಝಳಪಿಸಿದ ಹಿತ್ತಾಳೆಗೆ ಮುಂದೆ ಬೆಳಗಲು ಏನೂ ಉಳಿಯುವುದಿಲ್ಲ.

ಹೀಗಾಗಿ ಬ್ಯಾಂಡ್ ವಾದನದ ವಿಮರ್ಶೆ ಶ್ರುತಿ, ಲಯಗಳ ಶುದ್ಧಿಗೆ ನಿಲ್ಲದೆ ನಾದಗುಣದ ವಿವೇಕವನ್ನೂ ಪರಿಶೀಲಿಸಬೇಕು. ಗಟ್ಟಿಯಾಗಿ ಊದಬಲ್ಲ ವೃಂದದ ನಿಜವಾದ ಸಾಮರ್ಥ್ಯ ವ್ಯಕ್ತವಾಗುವುದು ಅದು ಮೆಲ್ಲಗೆ ಊದುವಾಗಲೇ.