ಲೀಲಾವತಿಗೆ ಮರಳಿ ಬಂದ ಜೀವ

ಷೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕವನ್ನು ಆಧರಿಸಿ ಸಿ. ಆನಂದರಾಯರು 1889ರಲ್ಲಿ ರಚಿಸಿದ ‘ರಾಮವರ್ಮ-ಲೀಲಾವತಿ’ಯು ಮೂಲದ ದುರಂತವನ್ನು, ಎಂದರೆ ನಾಯಕ ನಾಯಿಕೆಯರ ಸಾವಿನಲ್ಲಿ ಕೊನೆಗೊಳ್ಳುವ ಕಥಾಗತಿಯನ್ನು, ಒಪ್ಪಿಕೊಳ್ಳದೆ ವಿಷ್ಣುವಿನ ಅನುಗ್ರಹದಿಂದ ಪ್ರೇಮಿಗಳಿಬ್ಬರನ್ನೂ ಬದುಕಿಸುತ್ತದೆ. ಭಾರತೀಯ ಮನಸ್ಸು ದುರಂತವನ್ನು ತಾಳಲಾರದು ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಮುಂದಿಡುವುದುಂಟು. ಆದರೆ ಈ ತೀರ್ಮಾನ ಪರಿಶೀಲನೆಗೆ ನಿಲ್ಲುವುದಿಲ್ಲ.

ಈ ಕಥೆ ಷೇಕ್ಸ್‌ಪಿಯರನ ಸ್ವಂತದ್ದೇನಲ್ಲ. ಇಟಲಿಯ ದಾ ಪೋರ್ತೊ, ಬಾಂದೆಲ್ಲೊ ಮೊದಲಾದವರ ಕೈಯಲ್ಲಿ ಬೆಳೆದು, ಫ್ರೆಂಚ್ ಭಾಷೆಯನ್ನು ಹಾದು, 1562ರಲ್ಲಿ ಆರ್ಥರ್ ಬ್ರೂಕನ ಇಂಗ್ಲಿಷ್ ಕಾವ್ಯವಾದ ಮೇಲೆ ಅದು ಅವನನ್ನು ತಲುಪಿತು. ಬ್ರೂಕನಲ್ಲಿ ತಿಂಗಳುಗಟ್ಟಲೆ ಸಾಗುವ ಪ್ರೇಮವನ್ನು ಷೇಕ್ಸ್‌ಪಿಯರನು ಕೆಲವೇ ದಿನಗಳಿಗೆ ಇಳಿಸಿ, ಹದಿನಾರರ ಹುಡುಗಿಯನ್ನು ಹದಿನಾಲ್ಕು ತುಂಬದವಳನ್ನಾಗಿ ಮಾಡಿದ್ದರಿಂದ ಆತುರವೇ ನಾಟಕದ ಒಳಗಿನ ಶಕ್ತಿಯಾಯಿತು. ಪ್ರೀತಿ, ಹಗೆ, ಮದುವೆ, ಗಡೀಪಾರು ಒಂದರ ಬೆನ್ನಿಗೊಂದು ಬರುವಾಗ ತಲುಪದೆ ಉಳಿಯುವುದು ಸನ್ಯಾಸಿಯು ರೋಮಿಯೊಗೆ ಬರೆದ ಪತ್ರ ಮಾತ್ರ, ಅದೂ ಪ್ಲೇಗಿನ ಭಯದಿಂದಾಗಿ.

ಮುಖ್ಯವಾದ ಸಂಗತಿಯೆಂದರೆ, ಪ್ರೇಮಿಗಳು ಸಾಯುವ ಈ ಅಂತ್ಯವನ್ನು ಲಂಡನ್ನಿನ ರಂಗಭೂಮಿಯೂ ಸಹಿಸಲಿಲ್ಲ. 1660ರ ನಂತರ ನಾಟಕಶಾಲೆಗಳು ಮತ್ತೆ ತೆರೆದಾಗ ಜೇಮ್ಸ್ ಹೋವರ್ಡ್ ಪ್ರೇಮಿಗಳನ್ನು ಉಳಿಸಿಕೊಂಡ ಒಂದು ರೂಪವನ್ನು ಸಿದ್ಧಪಡಿಸಿದನು. ಒಂದು ದಿನ ದುರಂತವೂ ಮರುದಿನ ಸುಖಾಂತವೂ ಆಡಲ್ಪಟ್ಟವೆಂದು ಆ ಕಾಲದ ರಂಗಭೂಮಿಯನ್ನು ಬಲ್ಲ ಜಾನ್ ಡೌನ್ಸ್ ದಾಖಲಿಸಿದ್ದಾನೆ. 1748ರಲ್ಲಿ ನಟ ಗ್ಯಾರಿಕ್, ರೋಮಿಯೊ ಸಾಯುವ ಮುನ್ನವೇ ಜೂಲಿಯೆಟ್ಟಳನ್ನು ಎಚ್ಚರಗೊಳಿಸಿ ಅವರಿಬ್ಬರಿಗೆ ಕೊನೆಯ ಮಾತುಕತೆಯನ್ನು ಒದಗಿಸಿಕೊಟ್ಟನು. ಆದ್ದರಿಂದ ಆನಂದರಾಯರ ಬದಲಾವಣೆಯನ್ನು ದೇಶೀಯ ದೌರ್ಬಲ್ಯವೆನ್ನುವುದು ಅನ್ಯಾಯ.

ಹಾಗೆಂದು ಆ ಬದಲಾವಣೆ ಕಲಾದೃಷ್ಟಿಯಿಂದ ಸಮರ್ಥನೀಯವಾಗುವುದಿಲ್ಲ. ಏಕೆಂಬುದಕ್ಕೆ ಉತ್ತರವನ್ನು ಕನ್ನಡ ನಾಡಿನ ರಂಗಪರಂಪರೆಯೇ ಕೊಡುತ್ತದೆ. ಮಂಗಳೂರಿನ ಕುಲಶೇಖರದಂತಹ ಪರಿಸರದಲ್ಲಿ ಯಕ್ಷಗಾನವನ್ನು ನೋಡುತ್ತ ಬೆಳೆದ ಪ್ರೇಕ್ಷಕನಿಗೆ ‘ಕರ್ಣಪರ್ವ’ದ ಕರ್ಣನಾಗಲಿ ಚಕ್ರವ್ಯೂಹದ ಅಭಿಮನ್ಯುವಾಗಲಿ ಬದುಕಿ ಬರುವುದಿಲ್ಲವೆಂಬುದು ಚೌಕಿಯಿಂದ, ಎಂದರೆ ಬಣ್ಣದ ಮನೆಯಿಂದ, ವೇಷ ಹೊರಡುವ ಮೊದಲೇ ಗೊತ್ತಿರುತ್ತದೆ, ಆದರೂ ಅರ್ಥಗಾರಿಕೆಯು, ಎಂದರೆ ಪದ್ಯದ ಭಾವವನ್ನು ಪಾತ್ರಧಾರಿ ಮಾತಿನಲ್ಲಿ ಬೆಳೆಸುವ ಕಲೆಯು, ಆ ತಿಳಿದ ಸಾವನ್ನೇ ಮತ್ತೆ ಹೊಸದಾಗಿ ಕಟ್ಟುತ್ತದೆ. ಷೇಕ್ಸ್‌ಪಿಯರನೂ ಪೀಠಿಕೆಯಲ್ಲಿಯೇ ಪ್ರೇಮಿಗಳ ಮರಣವನ್ನು ಸಾರಿ, ‘ಮುಂದೇನು’ ಎಂಬ ಕುತೂಹಲವನ್ನು ಬಿಟ್ಟುಕೊಟ್ಟು, ‘ಹೇಗೆ’ ಎಂಬುದರ ಮೇಲೆ ನಾಟಕವನ್ನು ನಿಲ್ಲಿಸುತ್ತಾನೆ. ಯಕ್ಷಗಾನ ಬಯಲಾಟದ ಕೊನೆಯಲ್ಲಿ ಭಾಗವತರು ಹಾಡುವ ಮಂಗಳವು ಕಥೆಯ ಹೊರಗಿನದು. ಅದು ಪ್ರೇಕ್ಷಕನನ್ನು ಸಮಾಧಾನದಿಂದ ಮನೆಗೆ ಕಳುಹಿಸುತ್ತದೆಯೇ ಹೊರತು ಕರ್ಣನನ್ನು ಎಬ್ಬಿಸುವುದಿಲ್ಲ.

‘ರಾಮವರ್ಮ-ಲೀಲಾವತಿ’ಯ ಲೋಪ ಇರುವುದು ಇಲ್ಲಿಯೇ: ಮಂಗಳವಾಗಿ ಹೊರಗುಳಿಯಬೇಕಾದುದು ಘಟನೆಯಾಗಿ ಕಥೆಯೊಳಕ್ಕೆ ಪ್ರವೇಶಿಸಿತು. ಮೂಲದಲ್ಲಿ ಎರಡು ಮನೆತನಗಳು ಹಗೆಯನ್ನು ಬಿಡುವುದು ಮಕ್ಕಳ ಹೆಣಗಳೆದುರು ನಿಂತಾಗ, ತಮ್ಮ ಕೈಯಿಂದಾದುದನ್ನು ತಾವೇ ಕಂಡಾಗ. ಮಕ್ಕಳು ಎದ್ದು ಕುಳಿತರೆ ಹಿರಿಯರು ತೆರಬೇಕಾದ ಬೆಲೆಯೇ ಇಲ್ಲವಾಗಿ, ಅವರ ರಾಜಿಗೆ ಆಧಾರವೂ ಉಳಿಯುವುದಿಲ್ಲ.