ಕ್ಯಾನಿನೊಳಗೆ ಬದಲಾಗುವ ಡೋಣಿ

ಪ್ರಯೋಗಾಲಯದ ವರದಿಗೆ ನಮ್ಮಲ್ಲಿ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ನದಿಯ ನೀರು 'ಬಿ' ವರ್ಗವೋ 'ಸಿ' ವರ್ಗವೋ ಎಂಬ ಒಂದು ಅಕ್ಷರ ಪತ್ರಿಕೆಯಲ್ಲಿ ಬಂದರೆ ಸಾಕು, ಪರ ವಿರೋಧ ಎರಡೂ ಕಡೆಯವರು ಅದನ್ನೇ ಹಿಡಿದು ವಾರಗಟ್ಟಲೆ ಜಗಳಾಡುತ್ತಾರೆ. ಆ ನೀರು ನದಿಯಿಂದ ಪ್ರಯೋಗಾಲಯದ ಮೇಜಿಗೆ ಯಾವ ಪಾತ್ರೆಯಲ್ಲಿ, ಎಷ್ಟು ಬಿಸಿಲಿನಲ್ಲಿ, ಎಷ್ಟು ಹೊತ್ತು ಪ್ರಯಾಣ ಮಾಡಿ ಬಂತು ಎಂದು ಕೇಳುವವರು ಮಾತ್ರ ಕಾಣುವುದಿಲ್ಲ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಐದು ಲೀಟರಿನ ಒಂದೇ ಕ್ಯಾನಿನಲ್ಲಿ ನೀರು ತುಂಬಿಕೊಂಡು, ಗಾಡಿಯ ಡಿಕ್ಕಿಯಲ್ಲಿಟ್ಟು, ಸಂಜೆ ಪ್ರಯೋಗಾಲಯಕ್ಕೆ ಒಪ್ಪಿಸುವ ರೂಢಿ ನದಿಯನ್ನು ಪರೀಕ್ಷಿಸುವುದಿಲ್ಲ. ಅದು ಪರೀಕ್ಷಿಸುವುದು ಕ್ಯಾನನ್ನು.

ಈ ರೂಢಿ ಇಷ್ಟು ದಿನ ಬಯಲಾಗದೆ ಉಳಿದಿರುವುದಕ್ಕೆ ಒಂದು ಕಾರಣ ಡೋಣಿಯೇ. ಮಹಾರಾಷ್ಟ್ರದ ಜತ್ತದ ಕಡೆಯಿಂದ ಇಳಿದು, ತಿಕೋಟಾ ಬಬಲೇಶ್ವರ ಸೀಮೆಯ ಎರೆಹೊಲಗಳನ್ನು ಹಾಯ್ದು, ಸಾರವಾಡದ ಸೇತುವೆ ದಾಟಿ ಕೃಷ್ಣೆಯತ್ತ ಹೋಗುವ ಈ ನದಿ ಪ್ರಸಿದ್ಧವಾಗಿರುವುದು ಉಪ್ಪಿಗೆ. ನೀರಿನ ಎಲ್ಲ ಗುಣಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಈ ಉಪ್ಪೇ. ಕ್ಲೋರೈಡಿಗೆ ಬರ್ಫ ಬೇಡ, ಆಮ್ಲ ಬೇಡ. ನಾಲ್ಕು ವಾರ ಇಟ್ಟರೂ ಅದರ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಷ್ಟು ಅಜಾಗರೂಕತೆಯಿಂದ ತಂದರೂ ಡೋಣಿಯ ಮಾದರಿ 'ಉಪ್ಪು' ಎಂದೇ ಉತ್ತರ ಕೊಡುತ್ತದೆ, ತಂದವರಿಗೆ ತಮ್ಮ ಕೆಲಸ ಸರಿಯಾಯಿತೆಂಬ ಸಮಾಧಾನವೂ ಸಿಗುತ್ತದೆ. ಅದೇ ಸಮಾಧಾನವನ್ನು ಆಮ್ಲಜನಕ, ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ), ನೈಟ್ರೇಟ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಅಂಕಿಗಳಿಗೂ ವಿಸ್ತರಿಸಿಕೊಳ್ಳುವುದು ದೊಡ್ಡ ತಪ್ಪು.

ಒಂದೇ ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡೋಣ: ನೀರಿನಲ್ಲಿ ಕರಗಿದ ಆಮ್ಲಜನಕ. 1888ರಲ್ಲಿ ಹಂಗೇರಿಯ ಲಾಯೋಶ್ ವಿಂಕ್ಲರ್ ರೂಪಿಸಿದ ವಿಧಾನ ಇವತ್ತಿಗೂ ಇದರ ಆಧಾರ. 300 ಮಿಲಿಲೀಟರಿನ, ಗಾಜಿನ ಬಿರಡೆಯ ಬಾಟಲಿಯನ್ನು ನೀರು ಗುಳುಗುಳು ಎನ್ನದ ಹಾಗೆ, ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಬೇಕು. ಅಲ್ಲೇ ದಂಡೆಯ ಮೇಲೆ ಮ್ಯಾಂಗನಸ್ ಸಲ್ಫೇಟ್ ಹಾಕಿ, ಹಿಂದೆಯೇ ಕ್ಷಾರ, ಅಯೊಡೈಡ್, ಅಜೈಡ್ ಬೆರೆತ ದ್ರಾವಣ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಗಸಿ ಕೂಡುತ್ತದೆ, ಇಲ್ಲದಿದ್ದರೆ ಬಿಳಿ. ಹೀಗೆ ಕಟ್ಟಿಹಾಕಿದ ಮೇಲಷ್ಟೇ ಆ ಆಮ್ಲಜನಕ ಪ್ರಯಾಣಕ್ಕೆ ತಯಾರು. ಆಮೇಲೆ ಆಮ್ಲ ಹಾಕಿದಾಗ ಬಿಡುಗಡೆಯಾಗುವ ಅಯೊಡಿನ್ನನ್ನು ಅಳೆದು ಲೆಕ್ಕ ಹಾಕುತ್ತಾರೆ.

ಈ ಕೆಲಸವನ್ನು ದಂಡೆಯ ಮೇಲೆ ಮಾಡದಿದ್ದರೆ ಏನಾಗುತ್ತದೆ? ಕ್ಯಾನನ್ನು ಮುಕ್ಕಾಲು ತುಂಬಿದ್ದರೆ ಉಳಿದ ಕಾಲು ಭಾಗ ಗಾಳಿ. ಬಬಲೇಶ್ವರದ ರಸ್ತೆಯ ಕುಲುಕಾಟಕ್ಕೆ ಆ ಗಾಳಿಯ ಆಮ್ಲಜನಕ ನೀರಿಗಿಳಿಯುತ್ತದೆ, ಸತ್ತ ನೀರು ಜೀವಂತವಾಗಿ ಕಾಣುತ್ತದೆ. ಕ್ಯಾನು ಪೂರ್ತಿ ತುಂಬಿದ್ದು, ಅದರಲ್ಲಿರುವುದು ಚರಂಡಿ ನೀರು ಬೆರೆತ ಮಾದರಿಯಾದರೆ ಇದರ ವಿರುದ್ಧ: ಬ್ಯಾಕ್ಟೀರಿಯಾಗಳು ದಾರಿಯಲ್ಲೇ ಆಮ್ಲಜನಕ ತಿಂದು ಮುಗಿಸುತ್ತವೆ. ತಪ್ಪು ಯಾವ ದಿಕ್ಕಿಗೆ ಹೋಯಿತೆಂಬುದೂ ವರದಿಯಿಂದ ತಿಳಿಯುವುದಿಲ್ಲ. ನಮ್ಮ ಊರಿನ ಭೂಗೋಳವನ್ನೂ ಇದಕ್ಕೆ ಸೇರಿಸಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರ ಮಟ್ಟದ ಸಿಹಿನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ ಸುಮಾರು 7.6 ಮಿಲಿಗ್ರಾಂ. ವಿಜಯಪುರ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 7ರ ಆಸುಪಾಸಿಗೆ ಇಳಿಯುತ್ತದೆ. ಉಪ್ಪು ಹೆಚ್ಚಿದಷ್ಟೂ ಇನ್ನೂ ಇಳಿಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಎ' ವರ್ಗಕ್ಕೆ ಬೇಕಾದದ್ದು 6, 'ಬಿ' ವರ್ಗಕ್ಕೆ 5, 'ಸಿ' ವರ್ಗಕ್ಕೆ 4. ವರ್ಗದಿಂದ ವರ್ಗಕ್ಕೆ ಇರುವ ಅಂತರ ಒಂದೇ ಮಿಲಿಗ್ರಾಂ! ಅಷ್ಟನ್ನು ಒಂದು ಸಡಿಲ ಮುಚ್ಚಳ ದಾಟಿಸಿಬಿಡಬಲ್ಲದು.

ಬಿಒಡಿಯ ಕಥೆ ಇನ್ನೂ ಗಂಭೀರ. 2018ರಲ್ಲಿ ಕೇಂದ್ರ ಮಂಡಳಿ ದೇಶದ 351 ಕಲುಷಿತ ನದಿಪಾತ್ರಗಳನ್ನು ಗುರುತಿಸಿತು. ಕರ್ನಾಟಕದ 17ರಲ್ಲಿ ಕೃಷ್ಣೆ, ಭೀಮೆ ಎರಡೂ ಇದ್ದವು. ಅಳತೆಗೋಲು ಲೀಟರಿಗೆ 3 ಮಿಲಿಗ್ರಾಂ ಬಿಒಡಿ. ಈ ಪರೀಕ್ಷೆಯಲ್ಲಿ ನೀರನ್ನು 27 ಡಿಗ್ರಿಯಲ್ಲಿ ಮೂರು ದಿನ ಕತ್ತಲಲ್ಲಿಟ್ಟು, ಜೀವಾಣುಗಳು ಎಷ್ಟು ಆಮ್ಲಜನಕ ಬಳಸಿದವೆಂದು ನೋಡುತ್ತಾರೆ. ಆದರೆ ಜೀವಾಣುಗಳು ಪ್ರಯೋಗಾಲಯದ ಬಾಗಿಲು ತೆರೆಯುವವರೆಗೆ ಕಾಯುತ್ತಾ ಕೂರುವುದಿಲ್ಲ. ಪಠ್ಯಪುಸ್ತಕಗಳು ಕೊಡುವ ಸಾಮಾನ್ಯ ದರವನ್ನೇ ಹಿಡಿದರೂ, 35 ಡಿಗ್ರಿಯ ಡಿಕ್ಕಿಯಲ್ಲಿ ಎಂಟು ತಾಸು ಕಳೆದ ಮಾದರಿ ತನ್ನ ಬಿಒಡಿಯ ಏಳನೆಯ ಒಂದು ಭಾಗವನ್ನು ದಾರಿಯಲ್ಲೇ ಕಳೆದುಕೊಂಡಿರುತ್ತದೆ. ಹೊರಟಾಗ 3.4 ಇದ್ದದ್ದು ಮುಟ್ಟುವಾಗ 2.9. ಕಲುಷಿತ ನೀರು ಯಾರ ಮೋಸವೂ ಇಲ್ಲದೆ ಮಿತಿಯೊಳಗೆ ಬಂತು. ನಮ್ಮ ಏಪ್ರಿಲ್ ಮೇ ತಿಂಗಳಲ್ಲಿ ಮುಚ್ಚಿದ ಗಾಡಿಯೊಳಗೆ 35 ಡಿಗ್ರಿ ಎಂದರೆ ತಂಪು ಹೊತ್ತು.

ಇಲ್ಲಿ ಎರಡು ಬಗೆಯ ವಿಮರ್ಶಕರೊಂದಿಗೆ ನನ್ನ ಜಗಳವಿದೆ. ಮೊದಲನೆಯವರು, ಅಂಕಿ ಕಡಿಮೆ ಬಂದಾಗಲೆಲ್ಲ 'ಮಂಡಳಿಯವರು ತಿದ್ದಿದರು' ಎನ್ನುವ ಪರಿಸರವಾದಿಗಳು. ಅವರ ಕಾಳಜಿ ನನ್ನದೂ ಹೌದು. ಆದರೆ ಆಪಾದನೆ ಮಾಡುವ ಮೊದಲು ತಮ್ಮದೇ ಮಾದರಿಯನ್ನು ಕುಡಿದು ಬಿಟ್ಟ ಮಿನರಲ್ ವಾಟರ್ ಬಾಟಲಿಯಲ್ಲಿ ಒಯ್ದು, ಅದರ ಕೋಲಿಫಾರ್ಮ್ ಅಂಕಿಯನ್ನು ಸಾಕ್ಷಿಯಾಗಿ ಹಿಡಿದರೆ ಅದು ಯಾವ ನ್ಯಾಯಮಂಡಳಿಯ ಮುಂದೆಯೂ ನಿಲ್ಲುವುದಿಲ್ಲ. ಕೋಲಿಫಾರ್ಮ್ ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿಯೇ ಬೇಕು. ಆಮ್ಲಜನಕದ ಬಾಟಲಿಯಲ್ಲಿ ಗುಳ್ಳೆ ಇರಬಾರದು, ಇದರಲ್ಲಿ ಕುಲುಕಲು ಎರಡೂವರೆ ಸೆಂಟಿಮೀಟರ್ ಗಾಳಿ ಇರಲೇಬೇಕು. ಬರ್ಫದಲ್ಲಿಟ್ಟು ಆದಷ್ಟು ಬೇಗ, ಹೆಚ್ಚೆಂದರೆ 24 ತಾಸಿನೊಳಗೆ ಪರೀಕ್ಷೆ ಶುರುವಾಗಬೇಕು. ಒಂದೇ ಕ್ಯಾನು ಎರಡೂ ಷರತ್ತುಗಳನ್ನು ಹೇಗೆ ಪಾಲಿಸೀತು?

ಎರಡನೆಯವರು ಡೋಣಿಯ ಬಗ್ಗೆ ಬರೆಯುವಾಗಲೆಲ್ಲ ಡೋಣಿ, ಓಣಿ ಎಂದು ಪ್ರಾಸ ಕೂಡಿಸುವ ಹಳೆಯ ಗಾದೆಯಿಂದ ಶುರುಮಾಡಿ, ಉಪ್ಪು, ಹೂಳು ಎಂಬೆರಡು ಮಾತಿಗೆ ಮುಗಿಸುವವರು. ಉಪ್ಪಿನ ವಿಷಯದಲ್ಲಾದರೂ ಅವರ ಅಂಕಿ ಪೂರ್ತಿ ಗಟ್ಟಿಯೇ? ಅಲ್ಲ. ನಮ್ಮದು ಕಪ್ಪುಕಲ್ಲಿನ ಮೇಲಿನ, ಸುಣ್ಣದ ಹರಳಿರುವ ಎರೆಮಣ್ಣು. ಇಂಥ ನೀರನ್ನು ಬಿಸಿಲಿಗಿಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಕ್ಯಾನಿನ ಗೋಡೆಗೆ ಅಂಟುತ್ತದೆ. ಸೋಡಿಯಂ ಮಾತ್ರ ಹಾಗೆಯೇ ಉಳಿಯುತ್ತದೆ. ಸೋಡಿಯಂ ಹೀರಿಕೆ ಅನುಪಾತ, ಅಂದರೆ ಎಸ್‌ಎಆರ್, ಲೆಕ್ಕ ಹಾಕುವಾಗ ಕ್ಯಾಲ್ಸಿಯಂ ಛೇದದಲ್ಲಿರುವುದರಿಂದ ಅನುಪಾತ ಏರುತ್ತದೆ. ಹೊಲಕ್ಕೆ ನೀರು ಬಿಡಬೇಕೋ ಬೇಡವೋ, ಜಿಪ್ಸಂ ಎಷ್ಟು ಹಾಕಬೇಕು ಎಂದು ಕೇಳಿಕೊಂಡು ಹೋದ ರೈತನಿಗೆ ನದಿಯಲ್ಲಿಲ್ಲದ ದೋಷಕ್ಕೆ ಸಲಹೆ ಸಿಗುತ್ತದೆ. ಬೋರಾನ್ ಅಳೆಯಬೇಕಾದ ನೀರನ್ನು ಬೊರೊಸಿಲಿಕೇಟ್ ಗಾಜಿನಲ್ಲಿ ತಂದರೆ ಗಾಜಿನ ಬೋರಾನೂ ಸೇರುತ್ತದೆ, ಅದಕ್ಕೆ ಪ್ಲಾಸ್ಟಿಕ್ಕೇ ಬೇಕು. ದ್ರಾಕ್ಷಿ ತೋಟಗಳ ಕೀಟನಾಶಕ ಹುಡುಕುವ ನೀರಿಗೆ ಪ್ಲಾಸ್ಟಿಕ್ ಸಲ್ಲದು, ಕಂದು ಗಾಜೇ ಆಗಬೇಕು. ತಿಕೋಟಾ ಭಾಗದಲ್ಲಿ ದ್ರಾಕ್ಷಿ ಎಷ್ಟಿದೆ ಎಂದು ಓದುಗರಿಗೆ ನಾನು ಹೇಳಬೇಕಿಲ್ಲ.

ನದಿಯೊಳಗೇ ಸೆನ್ಸರ್ ಇಟ್ಟರೆ ಇದೆಲ್ಲ ತಪ್ಪುತ್ತದೆ ಎನ್ನುವವರೂ ಇದ್ದಾರೆ. ಆಮ್ಲಜನಕಕ್ಕೆ ಸರಿ, ಹೂಳು ಮೆತ್ತಿದ ಸೆನ್ಸರನ್ನು ದಿನವೂ ತೊಳೆಯುವವರಿದ್ದರೆ. ಕೀಟನಾಶಕಕ್ಕೂ ಬ್ಯಾಕ್ಟೀರಿಯಾಕ್ಕೂ ಬಾಟಲಿ ತಪ್ಪಿದ್ದಲ್ಲ.

ಬಾಟಲಿ ಹಿಡಿಯುವ ಕೈಗಳ ಬಗ್ಗೆ ನಮ್ಮ ಚರ್ಚೆ ಇನ್ನೂ ಮೌನ. ಲೋಹಗಳ ಮಾದರಿಗೆ ನೈಟ್ರಿಕ್ ಆಮ್ಲ, ಪೋಷಕಾಂಶದ ಮಾದರಿಗೆ ಸಲ್ಫ್ಯೂರಿಕ್ ಆಮ್ಲ, ವಿಂಕ್ಲರ್ ದ್ರಾವಣದಲ್ಲಿ ವಿಷಕಾರಿ ಅಜೈಡ್. ಇವನ್ನು ಬುತ್ತಿಯ ಡಬ್ಬಿಯ ಪಕ್ಕ ಇಟ್ಟುಕೊಂಡು, ಕೈಗವಸು ಕನ್ನಡಕ ಇಲ್ಲದೆ, ಹಸಿ ಎರೆಮಣ್ಣು ಜಾರುವ ದಂಡೆಗೆ ದಿನಗೂಲಿ ಹುಡುಗನೊಬ್ಬನನ್ನೇ ಇಳಿಸುವುದು ಅಪರಾಧ. ಮಳೆಗಾಲದಲ್ಲಿ ಡೋಣಿ ಏರುವುದಕ್ಕೆ ಹೆಚ್ಚು ಹೊತ್ತು ಬೇಡ. ಇಬ್ಬರಿರಬೇಕು, ಹಗ್ಗವಿರಬೇಕು.

ಪ್ರಯೋಗಾಲಯಗಳನ್ನು ಪೂರ್ತಿ ದೂರುವುದೂ ಸರಿಯಲ್ಲ. ಮಾನ್ಯತೆಗೆ ಆಧಾರವಾದ ಐಎಸ್‌ಒ 17025 ಮಾನಕ, ಮಾದರಿಯನ್ನು ಪ್ರಯೋಗಾಲಯವೇ ಸಂಗ್ರಹಿಸದಿದ್ದಾಗ, ಫಲಿತಾಂಶ ತಮಗೆ ತಲುಪಿದ ಮಾದರಿಗೆ ಮಾತ್ರ ಅನ್ವಯ ಎಂದು ವರದಿಯಲ್ಲಿ ಬರೆಯಲು ಹೇಳುತ್ತದೆ. ಇಡೀ ವರದಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ಸಾಲು ಅದು. ಅದನ್ನು ಓದದೆ ಮೇಲಿನ ಕೋಷ್ಟಕವನ್ನಷ್ಟೇ ಓದುವವರು ನಾವು.

ಆದ್ದರಿಂದ ವಿಜಯಪುರದ ಪತ್ರಕರ್ತರಲ್ಲಿ, ರೈತ ಸಂಘಗಳಲ್ಲಿ, ಕಾಲೇಜಿನ ಅಧ್ಯಾಪಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ನದಿಯ ಅಂಕಿಯೊಂದನ್ನು ಮುದ್ರಿಸುವ ಮೊದಲು ಮಾದರಿಯ ಚೀಟಿಯನ್ನು ಕೇಳಿ ಪಡೆಯಿರಿ: ಎಲ್ಲಿ, ಎಷ್ಟು ಗಂಟೆಗೆ ತುಂಬಿದರು, ಯಾವ ಬಾಟಲಿ, ದಂಡೆಯ ಮೇಲೆ ಏನು ಹಾಕಿದರು, ಪ್ರಯೋಗಾಲಯ ಮುಟ್ಟಿದಾಗ ಪೆಟ್ಟಿಗೆಯ ಉಷ್ಣತೆ ಎಷ್ಟಿತ್ತು, ಯಾರ ಕೈಯಿಂದ ಯಾರ ಕೈಗೆ ಹೋಯಿತು. ಚೀಟಿ ಇಲ್ಲದಿದ್ದರೆ ಆ ಅಂಕಿಯನ್ನು ಮುದ್ರಿಸಬೇಡಿ.