ಸೀಟಿನ ಕೆಳಗಿನ ಎಂಜಿನ್

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ಸೀರೆಯ ಗಂಟು, ಹೊಸಕೋಟೆಯ ತೋಟಗಳಿಂದ ತರಕಾರಿ ಮೂಟೆ ಹೊತ್ತು ಬೆಂಗಳೂರು ಮುಟ್ಟಿಸಿದ ಓಮ್ನಿಗಳಿಗೆ ಲೆಕ್ಕವಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದ ಈ ಗಾಡಿಯ ತಯಾರಿ 2019ರಲ್ಲಿ ನಿಂತಿತು. ಹಳೆಯವು ಇನ್ನೂ ದುಡಿಯುತ್ತಿವೆ. ‘ಡಬ್ಬಾ ಎಂಜಿನ್, ಬೇಗ ಹೀಟ್ ಆಗುತ್ತೆ’ ಎಂಬ ದೂರು ಅದರ ಬೆನ್ನಿಗೇ ಅಂಟಿದೆ. ಆ ದೂರಿಗೆ ನನ್ನ ತಕರಾರಿದೆ.

ಮಾರುತಿ 800ರಲ್ಲಿದ್ದ ಎಫ್8ಬಿ ಎಂಜಿನ್ನೇ ಇದು. ಮೂರು ಸಿಲಿಂಡರ್, 796 ಸಿಸಿ, ಶಕ್ತಿ ಸುಮಾರು 35 ಅಶ್ವಶಕ್ತಿ. ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಸ್ಟ್ರೋಕ್ ಉದ್ದವಾಗಿರುವುದರಿಂದ ಕಡಿಮೆ ಸುತ್ತಿನಲ್ಲೇ ಎಳೆತ ಸಿಗುತ್ತದೆ. ಭಾರ ಹೊರುವ ವ್ಯಾನಿಗೆ ಬೇಕಾದದ್ದೂ ಅದೇ. ಊರಿನ ಯಾವ ಗ್ಯಾರೇಜಿನಲ್ಲೂ ಬಿಚ್ಚಿ ಜೋಡಿಸಬಹುದಾದಷ್ಟು ಸರಳ ರಚನೆ. ಇಷ್ಟರ ಮಟ್ಟಿಗೆ ಇದು ಜಾಣ ವಿನ್ಯಾಸ.

ವಿನ್ಯಾಸದಲ್ಲೇ ಇರುವ ಕೊರತೆ ಎಂಜಿನ್ ಕೂತ ಜಾಗದ್ದು. ಮುಂದಿನ ಸೀಟಿನ ಕೆಳಗೆ ಗಾಳಿ ಸರಾಗವಾಗಿ ಆಡುವುದಿಲ್ಲ. ಹಾಗಾಗಿ ತಂಪು ಮಾಡುವ ಕೆಲಸವೆಲ್ಲ ರೇಡಿಯೇಟರಿನ ನೀರಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಅದಕ್ಕೆ ಸುರಿಯುವುದು ಕೊಳವೆಬಾವಿಯ ಗಡಸು ನೀರು! ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನೀರಿನ ಓಟ ಕುಗ್ಗಿ ಬಿಸಿ ಏರುತ್ತದೆ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ನೀರು ಆಯಿಲ್‌ಗೆ ಸೇರಿ ಅದು ಹಾಲು ಬೆರೆಸಿದ ಬಣ್ಣಕ್ಕೆ ತಿರುಗುತ್ತದೆ. ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹತ್ತು ಜನರನ್ನು ತುಂಬಿಕೊಂಡು ಹೊರಟರೆ ಇದೆಲ್ಲ ಇನ್ನೂ ಬೇಗ ಆಗುತ್ತದೆ. ಬರೀ ಗ್ಯಾಸ್ಕೆಟ್ ಬದಲಿಸಿ, ಹೆಡ್ ಸಪಾಟಾಗಿದೆಯೇ ಎಂದು ನೋಡದೆ ಕಳಿಸುವ ರಿಪೇರಿ ರಿಪೇರಿಯೇ ಅಲ್ಲ.

ಇನ್ನೊಂದು ಕಾಟ ಪೆಟ್ರೋಲಿನದು. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬಿಡುಗಡೆಯಾದದ್ದು ನೆಲಮಂಗಲದ ದಾರಿಯಲ್ಲಿರುವ ಮಾದಾವರದ ಪ್ರದರ್ಶನ ಕೇಂದ್ರದಲ್ಲೇ. ಕಾರ್ಬುರೇಟರ್ ಕಾಲದ ಗಾಡಿಗಳನ್ನು ಇಂಥ ಪೆಟ್ರೋಲಿಗೆಂದು ಮಾಡಿರಲಿಲ್ಲ. ಎಥನಾಲ್ ನೀರಿನಂಶ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸುತ್ತದೆ. ವಾರಗಟ್ಟಲೆ ನಿಂತ ಗಾಡಿಯ ಜೆಟ್ ಕಟ್ಟಿಕೊಂಡು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಇದಕ್ಕೆ ಎಂಜಿನ್ನನ್ನು ದೂರುವುದು ಅನ್ಯಾಯ.

ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಮಾತು ಬೇರೆ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ ಎಂದರ್ಥ, ಖರ್ಚು ತಪ್ಪದು. ಆದರೆ ಹೊಗೆ ಕಂಡ ಕೂಡಲೇ ‘ಬೋರ್‌ಗೆ ಬಂದಿದೆ’ ಎಂದು ಎಂಜಿನ್ ಇಳಿಸಲು ಒಪ್ಪಬೇಡಿ. ಮೊದಲು ಕಂಪ್ರೆಷನ್ ಅಳೆಸಿ. ಟೈಮಿಂಗ್ ಬೆಲ್ಟ್ ಹರಿಯುವವರೆಗೆ ಕಾಯಬೇಡಿ. ರೇಡಿಯೇಟರಿಗೆ ಕೊಳವೆಬಾವಿ ನೀರನ್ನು ಇಂದೇ ನಿಲ್ಲಿಸಿ, ಕೂಲೆಂಟ್ ಹಾಕಿಸಿ.